ಮಡಿಕೇರಿಯಿಂದ ತಂದ ನಾಲ್ಕು ಬಗೆ: ನೆಲ್ಲಿ, ಪ್ಯಾಷನ್ ಫ್ರೂಟ್, ನೇರಳೆ, ಕಿತ್ತಳೆ ವೈನ್‌ಗಳ ಹೋಲಿಕೆ

ಕೊಡಗಿಗೆ ಹೋಗಿ ಬರುವವರ ಚೀಲದಲ್ಲಿ ಕಾಫಿ ಪುಡಿ, ಜೇನುತುಪ್ಪ, ಕಾಳುಮೆಣಸು, ಏಲಕ್ಕಿಗಳ ಜೊತೆಗೆ ಒಂದೆರಡು ಬಾಟಲಿ ಹಣ್ಣಿನ ವೈನ್ ಕೂಡ ಇರುವುದು ಈಗ ವಾಡಿಕೆಯಾಗಿದೆ. ಮಡಿಕೇರಿಯ ಪೇಟೆಯಲ್ಲಿಯೂ ಕುಶಾಲನಗರದ ಹೆದ್ದಾರಿಯ ಬದಿಯಲ್ಲಿಯೂ ‘ಹೋಮ್ ಮೇಡ್ ವೈನ್’ ಎಂಬ ಫಲಕಗಳು ಸಾಲಾಗಿ ಕಾಣುತ್ತವೆ. ಒಳಗೆ ಹೋದರೆ ಪುಟ್ಟ ಲೋಟದಲ್ಲಿ ಒಂದರ ಹಿಂದೆ ಒಂದರಂತೆ ಏಳೆಂಟು ಬಗೆಯನ್ನು ಹತ್ತೇ ನಿಮಿಷದಲ್ಲಿ ರುಚಿ ತೋರಿಸುತ್ತಾರೆ. ನಾವು ಅವುಗಳಲ್ಲಿ ಹೆಚ್ಚು ಸಿಹಿಯಾದುದನ್ನು ಆರಿಸಿಕೊಂಡು ಹೊರಡುತ್ತೇವೆ. ಹಾಗೆ ಆರಿಸಿ ತಂದ ಬಾಟಲಿ ನಮ್ಮ ಮನೆಯ ಫ್ರಿಜ್ಜಿನಲ್ಲಿ ಎರಡು ಸಲವೂ ಅರ್ಧಕ್ಕೇ ಉಳಿದು ಕೆಟ್ಟುಹೋದದ್ದರಿಂದ, ಕಳೆದ ಜನವರಿಯ ಪ್ರವಾಸದಲ್ಲಿ ನಾನು ಬೇರೆ ದಾರಿ ಹಿಡಿದೆ. ನಾಲ್ಕು ಹಣ್ಣುಗಳ ವೈನ್ ಕೊಂಡು ಮೈಸೂರಿಗೆ ತಂದು, ಅಕ್ಕ ಮತ್ತು ಭಾವನೊಂದಿಗೆ ಕುಳಿತು, ಪ್ರತಿಯೊಂದನ್ನೂ ಮೂರು ಹೊತ್ತಿನಲ್ಲಿ ಪರೀಕ್ಷಿಸಿದೆ: ಬಾಟಲಿ ತೆರೆದ ಕೂಡಲೇ ಬರಿಯ ಬಾಯಿಗೆ, ರಾತ್ರಿಯ ಊಟದ ಜೊತೆಗೆ, ಮತ್ತು ತೆರೆದ ಮೂರನೆಯ ದಿನ. ಶುಂಠಿ, ವೀಳ್ಯದೆಲೆ, ಗಾಂಧಾರಿ ಮೆಣಸುಗಳ ವೈನ್ ಕೂಡ ಅಲ್ಲಿ ಸಿಗುತ್ತದೆಯಾದರೂ, ಹಣ್ಣಿನದಷ್ಟೇ ನನ್ನ ವಿಷಯವಾದ್ದರಿಂದ ಅವುಗಳನ್ನು ಬಿಟ್ಟಿದ್ದೇನೆ.

ಹೋಲಿಕೆಗೆ ಮೊದಲು ಈ ವೈನ್ ಆಗುವ ಬಗೆಯನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಬಾಟಲಿಗಳ ನಡುವಣ ವ್ಯತ್ಯಾಸದ ಮೂಲ ಅಲ್ಲಿದೆ. ನಾವು ತಂಗಿದ್ದ ಮನೆಯ ಯಜಮಾನಿ ತಮ್ಮ ಮನೆ ಬಳಕೆಗೆಂದು ಹಾಕಿದ್ದ ನೆಲ್ಲಿ ವೈನಿನ ಭರಣಿಯನ್ನು ತೋರಿಸಿದರು. ತೊಳೆದು ನೀರಾರಿಸಿದ ನೆಲ್ಲಿಕಾಯಿ, ಸಕ್ಕರೆ, ಕಾಯಿಸಿ ಆರಿಸಿದ ನೀರು, ಯೀಸ್ಟ್, ಒಂದು ಹಿಡಿ ಗೋಧಿ. ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ದಿನಕ್ಕೊಮ್ಮೆ ಮರದ ಸೌಟಿನಿಂದ ಕಲಕುತ್ತ 21 ದಿನ ಬಿಡುತ್ತಾರೆ. ಆಮೇಲೆ ಸೋಸಿ, ಗಸಿ ಇಳಿಯಲು ಇನ್ನೊಂದಷ್ಟು ವಾರ ಅಲುಗಾಡಿಸದೆ ಇಡುತ್ತಾರೆ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ. 1ರಷ್ಟು ಮದ್ಯಸಾರ ಬರುತ್ತದೆ ಎಂಬುದು ವೈನ್ ಮಾಡುವವರ ಲೆಕ್ಕ. ಚೆನ್ನಾಗಿ ಮಾಗಿದ ವೈನ್ ದ್ರಾಕ್ಷಿಯಲ್ಲಿ ಲೀಟರಿಗೆ 200 ಗ್ರಾಂಗೂ ಮೀರಿದ ಸಕ್ಕರೆ ತಾನಾಗಿಯೇ ಇರುತ್ತದೆ. ನೆಲ್ಲಿ, ನೇರಳೆ, ಕಿತ್ತಳೆಗಳಲ್ಲಿ ಅಷ್ಟಿಲ್ಲ. ಹಾಗಾಗಿ ಇಂಥ ವೈನಿಗೆ ಸಕ್ಕರೆ ಸೇರಿಸಲೇಬೇಕು, ಅದು ಮೋಸವಲ್ಲ. ಆದರೆ ಹುದುಗಿ ಮುಗಿದ ಮೇಲೂ ಉಳಿಯುವಷ್ಟು ಸಕ್ಕರೆ ಸುರಿದಾಗ, ಆ ಸಿಹಿ ಹಣ್ಣಿನ ರುಚಿಯನ್ನೂ ತಯಾರಿಕೆಯ ದೋಷವನ್ನೂ ಒಟ್ಟಿಗೇ ಮುಚ್ಚಿಬಿಡುತ್ತದೆ. ಅಂಗಡಿಯಲ್ಲಿ ಒಂದು ಗುಟುಕು ಕುಡಿದು ತೀರ್ಮಾನಿಸುವವರು ಎಡವುವುದು ಇಲ್ಲಿಯೇ.

ನೆಲ್ಲಿಯಿಂದ ಆರಂಭಿಸುತ್ತೇನೆ. ಮಡಿಕೇರಿಯಲ್ಲಿ ಎರಡು ಕಡೆ ನೆಲ್ಲಿ ವೈನ್ ಕೊಂಡೆ: ಒಂದರ ಮೇಲೆ ಪರವಾನಗಿ ಸಂಖ್ಯೆ, ಮದ್ಯಸಾರದ ಪ್ರಮಾಣ, ಬಾಟಲಿಗೆ ತುಂಬಿದ ತಿಂಗಳು ಎಲ್ಲವೂ ಅಚ್ಚಾಗಿದ್ದವು; ಇನ್ನೊಂದರ ಮೇಲೆ ಹಣ್ಣಿನ ಹೆಸರಿನ ಚೀಟಿ ಮಾತ್ರ ಇತ್ತು. ಎರಡನೆಯದು ಪಾನಕದಷ್ಟು ಸಿಹಿಯಾಗಿ, ಸುಟ್ಟ ಸಕ್ಕರೆಯ ಬಣ್ಣದಿಂದ ಗಾಢ ಕಂದಾಗಿದ್ದು, ಲೋಟದ ತಳದಲ್ಲಿ ಒಣಗಿದ ಹನಿ ಬೆರಳಿಗೆ ಅಂಟಿಕೊಳ್ಳುತ್ತಿತ್ತು. ಅಂಗಡಿಯಲ್ಲಿ ನಮಗೆ ಮೂವರಿಗೂ ಹಿಡಿಸಿದ್ದು ಅದೇ. ಮೊದಲನೆಯದು ತೆಳು ಹೊನ್ನಿನ ಬಣ್ಣದ್ದು, ಒಗರು ನಾಲಗೆಯ ಎರಡೂ ಅಂಚಿಗೆ ತಗಲುವಂಥದ್ದು, ಮೊದಲ ಗುಟುಕಿಗೆ ಸ್ವಲ್ಪ ಬಿಗುಮಾನದ್ದು. ಆದರೆ ಊಟದ ಹೊತ್ತಿಗೆ ಲೆಕ್ಕ ತಲೆಕೆಳಗಾಯಿತು. ಅಂದು ಅಕ್ಕ ಅಕ್ಕಿ ರೊಟ್ಟಿ ಮಾಡಿ, ಕೊಡಗಿನಿಂದಲೇ ತಂದ ಕಾಚಂಪುಳಿ ಎಂಬ ಕಪ್ಪು ಹುಳಿರಸ ಹಾಕಿ ಪಂದಿ ಕರಿ (ಹಂದಿಮಾಂಸದ ಅಡುಗೆ) ಬೇಯಿಸಿದ್ದಳು. ಸಿಹಿಯಾದ ವೈನ್ ಆ ಹುಳಿ, ಕಾರ, ಜಿಡ್ಡುಗಳ ಮುಂದೆ ಔಷಧದ ಸಿರಪ್ಪಿನಂತೆ ಬೇರೆಯಾಗಿ ನಿಂತಿತು. ಒಗರಿನ ವೈನ್ ಪ್ರತಿ ತುತ್ತಿನ ನಂತರ ಬಾಯಿಯನ್ನು ತೊಳೆದು ಮುಂದಿನ ತುತ್ತಿಗೆ ಸಿದ್ಧಗೊಳಿಸಿತು. ನೆಲ್ಲಿಕಾಯಿ ತಿಂದು ನೀರು ಕುಡಿದಾಗ ನೀರು ಸಿಹಿಯೆನಿಸುವುದನ್ನು ನಾವೆಲ್ಲ ಬಾಲ್ಯದಿಂದ ಬಲ್ಲೆವು. ಈ ವೈನಿನ ನಂತರ ಕುಡಿದ ನೀರಿನಲ್ಲಿಯೂ ಆ ಸಿಹಿ ಮೆಲ್ಲನೆ ಮೂಡಿತು. ಸಿಹಿ ಬಾಟಲಿಯಲ್ಲಿ ಅದು ಕಾಣಲಿಲ್ಲ. ನನಗೆ ಇದಕ್ಕಿಂತ ಖಚಿತವಾದ ನೆಲ್ಲಿಯ ಗುರುತು ಬೇಡ.

ನೆಲ್ಲಿಯ ಪಾಲಿಗೆ ಇನ್ನೊಂದು ಮಾತು ಸಲ್ಲಬೇಕು. ಅದರಲ್ಲಿರುವ ಹುಳಿ ಮತ್ತು ಒಗರು ಕೊಡುವ ಟ್ಯಾನಿನ್‌ಗಳಿಂದಾಗಿ ತೆರೆದ ಮೂರನೆಯ ದಿನವೂ ಅದು ಕೆಡಲಿಲ್ಲ. ಗಾಳಿ ತಾಗಿ ಒಗರು ತುಸು ಇಳಿದು ಇನ್ನೂ ಹಿತವಾಯಿತು ಎಂದೇ ನನ್ನ ಅನಿಸಿಕೆ, ಭಾವನದೂ ಅದೇ ಮಾತು.

ಪ್ಯಾಷನ್ ಫ್ರೂಟ್ ಇದಕ್ಕೆ ತದ್ವಿರುದ್ಧ. ಕೊಡಗಿಗೂ ಈ ಹಣ್ಣಿಗೂ ಗಟ್ಟಿಯಾದ ಸಂಬಂಧವಿದೆ. ಪ್ಯಾಷನ್ ಫ್ರೂಟಿನ ನೇರಳೆ ಬಣ್ಣದ ಮತ್ತು ಹಳದಿ ಬಣ್ಣದ ಬಗೆಗಳನ್ನು ಬೆರೆಸಿದ ‘ಕಾವೇರಿ’ ಎಂಬ ತಳಿಯನ್ನು ಹೊರತಂದದ್ದು ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ. ಹುದುಗಿದ ಮೇಲೂ ತನ್ನ ಪರಿಮಳವನ್ನು ಇಷ್ಟರಮಟ್ಟಿಗೆ ಉಳಿಸಿಕೊಳ್ಳುವ ಹಣ್ಣು ಈ ನಾಲ್ಕರಲ್ಲಿ ಬೇರೊಂದಿಲ್ಲ. ಮುಚ್ಚಳ ತೆಗೆದಾಗ ಕೋಣೆಯ ಆ ಬದಿಯಲ್ಲಿದ್ದವರಿಗೂ ಹಣ್ಣಿನ ವಾಸನೆ ತಲುಪಿತು. ಬರಿಯ ಬಾಯಿಗೆ, ತಣ್ಣಗೆ, ಊಟಕ್ಕೆ ಮುಂಚೆ ಕುಡಿಯಲು ಇದೇ ಎಲ್ಲಕ್ಕಿಂತ ಮೇಲು ಎಂದು ನಾವು ಮೂವರೂ ಒಪ್ಪಿದೆವು. ಆದರೆ ಊಟದ ಜೊತೆಗೆ ಅದರ ಪರಿಮಳವೇ ಅಡ್ಡ ಬರುತ್ತದೆ; ಮೂರನೆಯ ದಿನಕ್ಕೆ ಆ ಪರಿಮಳ ಅರ್ಧ ಇಳಿದು, ಕೆಳಗೆ ಬರಿಯ ಹುಳಿ ಉಳಿದಿತ್ತು.

ಈ ಹಣ್ಣಿನ ವೈನಿನ ಬಗ್ಗೆ ನನ್ನದೊಂದು ಕಹಿ ಅನುಭವವಿದೆ. ಹಿಂದಿನ ಪ್ರವಾಸದಲ್ಲಿ ಲೇಬಲ್ ಇಲ್ಲದ ಅಂಗಡಿಯೊಂದರಲ್ಲಿ ಕೊಂಡ ಪ್ಯಾಷನ್ ಫ್ರೂಟ್ ವೈನ್ ಇನ್ನೂ ಹುದುಗುತ್ತಲೇ ಇತ್ತು. ಅಂಗಡಿಯವರು “ಇದು ಹೋದ ವರ್ಷದ್ದು, ಎಷ್ಟು ದಿನ ಬೇಕಾದರೂ ಇಡಿ” ಎಂದಿದ್ದರು. ಹುಣಸೂರು ದಾಟುವ ಹೊತ್ತಿಗೆ ಬಿಸಿಲಿಗೆ ಕಾದ ಕಾರಿನಲ್ಲಿ ಮುಚ್ಚಳ ಚಿಮ್ಮಿ, ಅಮ್ಮನಿಗೆಂದು ಕೊಂಡ ರೇಷ್ಮೆ ಸೀರೆಯ ಕಟ್ಟೆಲ್ಲ ತೊಯ್ದುಹೋಯಿತು. ಆ ಕಲೆ ಕೊನೆಗೂ ಹೋಗಲಿಲ್ಲ. ಅಂದಿನಿಂದ ಕೊಳ್ಳುವ ಮುನ್ನ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಕತ್ತಿನ ಸುತ್ತ ಸಣ್ಣ ಗುಳ್ಳೆಗಳ ಉಂಗುರ ಕಟ್ಟಿದ್ದರೆ, ಮೆಲ್ಲನೆ ವಾಲಿಸಿದಾಗ ತಳದಿಂದ ಮೋಡದಂತೆ ಗಸಿ ಎದ್ದರೆ, ಅದು ಇನ್ನೂ ಪ್ರಯಾಣಕ್ಕೆ ಸಿದ್ಧವಾಗಿಲ್ಲ.

ನೇರಳೆಯ ವಿಷಯದಲ್ಲಿ ರುಚಿಗಿಂತ ಮೊದಲು ನಿಜವನ್ನೇ ಪರೀಕ್ಷಿಸಬೇಕಾಯಿತು. ಹಣ್ಣಿನ ಆ ಗಾಢ ಬಣ್ಣ ಆಂಥೋಸಯನಿನ್ ಎಂಬ ವರ್ಣದ್ರವ್ಯದ್ದು. ಹುಳಿಯಲ್ಲಿ ಅದು ಕೆಂಪಾಗಿದ್ದು, ಕ್ಷಾರ ತಾಗಿದರೆ ನೀಲಿ ಅಥವಾ ಹಸಿರು ಛಾಯೆಗೆ ತಿರುಗುತ್ತದೆ. ಬಿಳಿಯ ತಟ್ಟೆಯಲ್ಲಿ ನಾಲ್ಕು ಹನಿ ವೈನ್ ಹಾಕಿ ಚಿಟಿಕೆ ಅಡುಗೆ ಸೋಡಾ ಉದುರಿಸಿದೆ. ಲೇಬಲ್ ಇದ್ದ ಬಾಟಲಿಯ ಹನಿ ಸುಯ್ಯನೆ ನೊರೆಗಟ್ಟಿ, ಅರ್ಧ ನಿಮಿಷದಲ್ಲಿ ಮಸಿಯಂಥ ಹಸಿರುನೀಲಿಯಾಯಿತು. ಚೀಟಿ ಮಾತ್ರ ಅಂಟಿಸಿದ್ದ ಬಾಟಲಿಯ ಹನಿ ನೊರೆಯೆದ್ದ ಮೇಲೂ ಹಾಗೆಯೇ ಕಡುಗೆಂಪಾಗಿ ಉಳಿಯಿತು. ಬಣ್ಣ ಬದಲಾಯಿತೆಂದ ಮಾತ್ರಕ್ಕೆ ಅದು ನೇರಳೆಯೇ ಎಂದು ಸಿದ್ಧವಾಗುವುದಿಲ್ಲ, ಕಪ್ಪು ದ್ರಾಕ್ಷಿಯೂ ಹಾಗೆಯೇ ತಿರುಗುತ್ತದೆ. ಆದರೆ ಬಣ್ಣ ಕದಲದೆ ನಿಂತರೆ ಅದು ಹಣ್ಣಿನಿಂದ ಬಂದದ್ದಲ್ಲ ಎಂದು ಅನುಮಾನಿಸಲು ಸಾಕಷ್ಟು ಕಾರಣವಿದೆ. ಆ ಎರಡನೆಯ ಬಾಟಲಿಯನ್ನು ನಾವು ಯಾರೂ ಮುಂದೆ ಕುಡಿಯಲಿಲ್ಲ. ಮೊದಲನೆಯದು ಒಳ್ಳೆಯ ವೈನ್: ನೇರಳೆ ತಿಂದಾಗ ನಾಲಗೆ ಒರಟಾಗುವ ಆ ಒಗರು, ಹಿಂದೆ ಸಣ್ಣದೊಂದು ಕಹಿ, ದ್ರಾಕ್ಷಿಯ ಕೆಂಪು ವೈನಿಗೆ ಇವುಗಳಲ್ಲಿ ಹೆಚ್ಚು ಹತ್ತಿರವಾದದ್ದು. ದ್ರಾಕ್ಷಿ ವೈನ್ ಕುಡಿದು ಅಭ್ಯಾಸವಿರುವ ಸ್ನೇಹಿತರಿಗೆ ಕೊಡುವುದಾದರೆ ನಾನು ಇದನ್ನೇ ಕೊಡುವೆನು.

ಇಲ್ಲಿ ಋತುವಿನ ಲೆಕ್ಕವೂ ನೆರವಾಗುತ್ತದೆ. ನೇರಳೆ ಮಾಗುವುದು ಮುಂಗಾರಿನ ಆರಂಭದ ಆಸುಪಾಸಿನಲ್ಲಿ. ಆದ್ದರಿಂದ ಜನವರಿಯಲ್ಲಿ ಕೊಳ್ಳುವ ನೇರಳೆ ವೈನಿಗೆ ಕನಿಷ್ಠ ಆರು ತಿಂಗಳ ವಯಸ್ಸಾಗಿರಬೇಕು. ನೆಲ್ಲಿ ಬರುವುದು ಚಳಿಗಾಲದಲ್ಲಿ. ಹಾಗಾಗಿ ಜನವರಿಯ ನೆಲ್ಲಿ ವೈನ್ ಒಂದೋ ಹಿಂದಿನ ವರ್ಷದ್ದು, ಇಲ್ಲವೇ ಇನ್ನೂ ಹಸಿಯಾದದ್ದು. “ಹಣ್ಣು ಯಾವ ತಿಂಗಳದ್ದು?” ಎಂದು ಕೇಳಿದಾಗ ತಡವರಿಸದೆ ಉತ್ತರ ಕೊಟ್ಟವರು ಒಬ್ಬರೇ, ನಾನು ಲೇಬಲ್ ಇದ್ದ ಬಾಟಲಿಗಳನ್ನು ಕೊಂಡ ಮಳಿಗೆಯವರು.

ಕಿತ್ತಳೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೇಳಲು ಬೇಸರವೂ ಇದೆ. ಸಡಿಲ ಸಿಪ್ಪೆಯ, ಹಸಿರುಹಳದಿ ಬಣ್ಣದ ಕೊಡಗಿನ ಕಿತ್ತಳೆ ಭೌಗೋಳಿಕ ಸೂಚನೆಯ ಮಾನ್ಯತೆ ಪಡೆದ ಹಣ್ಣು. ಕಾಫಿ ತೋಟಗಳ ನಡುವೆ ಬೆಳೆದು ಬಂದ ಅದು ಗ್ರೀನಿಂಗ್ ಮುಂತಾದ ರೋಗಗಳಿಂದ ದಶಕಗಳಿಂದಲೂ ಕ್ಷೀಣಿಸುತ್ತ ಬಂದಿದೆ. ಹುದುಗುವಾಗ ರಸದ ಸಿಹಿ ಮದ್ಯಸಾರವಾಗಿ ಹೋಗುತ್ತದೆ. ಬೀಜ ಮತ್ತು ತೊಳೆಯ ನಾರಿನಿಂದ ಬಂದ ಕಹಿ ಹಾಗೆಯೇ ಉಳಿಯುತ್ತದೆ. ನಾನು ತಂದ ಬಾಟಲಿಯಲ್ಲಿ ಆ ಕಹಿಯನ್ನು ಅಡಗಿಸಲು ಸುರಿದ ಸಕ್ಕರೆಯೇ ಮುಂದಾಗಿತ್ತು, ಮೂರನೆಯ ದಿನ ವಿನಿಗರ್ ವಾಸನೆಯೂ ಬಂದಿತು. ಆ ಬಾಟಲಿಗೆ ಕೊಟ್ಟ ಹಣದಲ್ಲಿ ನಿಜವಾದ ಕೊಡಗಿನ ಕಿತ್ತಳೆಯನ್ನೇ ಕೊಂಡು ತರುವುದು ಆ ಹಣ್ಣಿಗೂ ಬೆಳೆಗಾರರಿಗೂ ಸಲ್ಲುವ ಹೆಚ್ಚಿನ ಗೌರವ.

ಲೇಬಲ್ ಎಂದು ಇಷ್ಟು ಸಲ ಹೇಳಲು ಕಾರಣವಿದೆ. ಕರ್ನಾಟಕ ಅಬಕಾರಿ ಕಾಯ್ದೆ, 1965ರಂತೆ ಪರವಾನಗಿಯಿಲ್ಲದೆ ಮದ್ಯ ಮಾರುವುದು ಅಪರಾಧ. ‘ಮನೆಯಲ್ಲಿ ಮಾಡಿದ್ದು’ ಎಂಬ ಮಾತಿನಿಂದ ಅದು ಬದಲಾಗುವುದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರವು 2018ರಲ್ಲಿ ರೂಪಿಸಿದ ಮದ್ಯ ಪಾನೀಯಗಳ ನಿಯಮಗಳ ಪ್ರಕಾರ ಬಾಟಲಿಯ ಮೇಲೆ ಮದ್ಯಸಾರದ ಪ್ರಮಾಣ ಮತ್ತು ಆರೋಗ್ಯದ ಎಚ್ಚರಿಕೆ ಇರಬೇಕು. ಇದು ಬರಿಯ ಕಾಗದದ ಮಾತಲ್ಲ: ಬಟ್ಟಿ ಇಳಿಸದೆ ಹುದುಗಿಸಿದ ವೈನಿನಲ್ಲಿ ಕಳ್ಳಬಟ್ಟಿಯ ಅಪಾಯ ಇಲ್ಲವಾದರೂ, ಬೇಗ ಮತ್ತೇರಲೆಂದು ಅದಕ್ಕೆ ಬೇರೇನನ್ನಾದರೂ ಬೆರೆಸಿದ್ದಾರೆಯೇ ಎಂದು ತಿಳಿಯಲು ಕೊಳ್ಳುವವರ ಬಳಿ ಯಾವ ದಾರಿಯೂ ಇಲ್ಲ. ಗಂಟಲಲ್ಲಿ ಸಾರಾಯಿಯಂತೆ ಉರಿದರೆ, ಉಗುರಿನ ಬಣ್ಣ ಒರೆಸುವ ದ್ರವದ ವಾಸನೆ ಬಂದರೆ, ಅಲ್ಲಿಯೇ ಲೋಟ ಕೆಳಗಿಡಬೇಕು. ವಿಮಾನದಲ್ಲಿ ಬರುವವರು ಸೀಲ್ ಒಡೆಯದ ಬಾಟಲಿಯನ್ನೇ, ಒಪ್ಪಿಸುವ ಲಗೇಜಿನಲ್ಲಿ, ಬಟ್ಟೆಯಲ್ಲಿ ಸುತ್ತಿ ಇಡಬೇಕು. ಕೇರಳದ ಕಡೆ ಇಳಿಯುವವರು ಆ ರಾಜ್ಯದ ಮಿತಿಯನ್ನು ಮೊದಲೇ ತಿಳಿದುಕೊಳ್ಳಬೇಕು. ಗುಜರಾತ್, ಬಿಹಾರಗಳಲ್ಲಿರುವ ಬಂಧುಗಳಿಗೆ ಇದನ್ನು ಒಯ್ಯುವ ಯೋಚನೆಯನ್ನೇ ಬಿಡಬೇಕು, ಅಲ್ಲಿ ಪಾನನಿಷೇಧವಿದೆ.

ರುಚಿ ನೋಡುವ ಕ್ರಮವನ್ನೂ ಈಗ ಬದಲಿಸಿಕೊಂಡಿದ್ದೇನೆ. ಅಂಗಡಿಯವರು ಸಾಮಾನ್ಯವಾಗಿ ಸಿಹಿಯಾದುದನ್ನೇ ಮೊದಲು ಕೊಡುತ್ತಾರೆ. ಅದಾದ ಮೇಲೆ ಒಗರಿನದು ಏನೇ ಇದ್ದರೂ ಕೆಟ್ಟದ್ದಾಗಿ ಕಾಣುತ್ತದೆ. ನಾನು ನೆಲ್ಲಿಯನ್ನು ಮೊದಲು ಕೇಳುತ್ತೇನೆ, ಆಮೇಲೆ ನೇರಳೆ, ಕೊನೆಗೆ ಪ್ಯಾಷನ್ ಫ್ರೂಟ್. ನಡುನಡುವೆ ಒಂದು ಗುಟುಕು ನೀರು, ಮೂರು ಬಗೆಗಿಂತ ಹೆಚ್ಚಿಲ್ಲ. ಗಾಡಿ ಓಡಿಸುವವರು ಅದನ್ನೂ ಮಾಡದೆ ಬೇರೆಯವರ ನಾಲಗೆಯನ್ನೇ ನಂಬಬೇಕು.

ಮುಂದಿನ ಸಲ ಹೋದಾಗ ಎರಡು ನೆಲ್ಲಿ, ಒಂದು ಪ್ಯಾಷನ್ ಫ್ರೂಟ್ ತರುವುದೆಂದು ನಿಶ್ಚಯಿಸಿದ್ದೇವೆ; ಪ್ಯಾಷನ್ ಫ್ರೂಟ್ ತಂದ ವಾರದಲ್ಲೇ ನೆಂಟರು ಬಂದಾಗ ತೆರೆದು ಮುಗಿಸುವುದಕ್ಕೆ, ನೆಲ್ಲಿ ಇಡುವುದಕ್ಕೆ. ಈ ಸಲದ ಲೇಬಲ್ ಇದ್ದ ನೆಲ್ಲಿ ವೈನಿನ ಜೋಡಿಯಲ್ಲಿ ತೆರೆಯದೆ ಉಳಿದ ಒಂದನ್ನು ಅಕ್ಕ ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ, ಮೇಲೆ ತಿಂಗಳು ಬರೆದು, ಉಗ್ರಾಣದ ಕತ್ತಲ ಮೂಲೆಯಲ್ಲಿ ಉಪ್ಪಿನಕಾಯಿ ಭರಣಿಗಳ ಹಿಂದೆ ಇಟ್ಟಿದ್ದಾಳೆ.