ಹಡಗಿನ ಶೋಗಳಿಗೆ ಐದಕ್ಕೆ ಐದು, ಪೋರ್ಟ್ ಸೇಫ್ಟಿಗೆ ಎರಡೇ

ಅಪ್ಪ ಅಮ್ಮ ಬೇಸಿಗೆಗೆ ಅಮೇರಿಕಾಕ್ಕೆ ಬಂದಿದ್ರು, ಅವ್ರನ್ನೂ ಮಕ್ಕಳನ್ನೂ ಕರ್ಕೊಂಡು ಮಯಾಮಿಯಿಂದ ಹೊರಡೋ ಕೆರಿಬಿಯನ್ ಕ್ರೂಸ್ ಮಾಡಿ ಬಂದ್ವಿ. ಬಹಾಮಾಸ್‌ನ ನಸ್ಸೌ, ಮೆಕ್ಸಿಕೋದ ಕೊಝುಮೆಲ್, ಕೋಸ್ಟಾ ಮಾಯಾ ಅಂತ ಮೂರು ಕಡೆ ನಿಲ್ಸಿದ್ರು, ಮಧ್ಯೆ ಬರೀ ಸಮುದ್ರ. ಕಂಪನಿ ಹೆಸ್ರು ಬೇಕಂತಲೇ ಬರೀತಿಲ್ಲ, ಯಾಕಂದ್ರೆ ಬೇರೆ ಬೇರೆ ಹಡಗಲ್ಲಿ ಹೋಗಿ ಬಂದ ನಮ್ಮ ಕನ್ನಡ ಕೂಟದ ಮೂರ್ನಾಲ್ಕು ಫ್ಯಾಮಿಲಿನ ಕೇಳ್ದಾಗ ಎಲ್ಲ ಕಡೆನೂ ಇದೇ ಕತೆ ಅಂತ ಗೊತ್ತಾಯ್ತು. ರೂಮು, ಊಟದ ಬಗ್ಗೆ ಬೇಕಾದಷ್ಟು ಜನ ಬರ್ದಿದ್ದಾರೆ, ನಾನು ಹೇಳ್ಬೇಕಿರೋದು ಎರಡೇ ವಿಷ್ಯ, ಸಾಯಂಕಾಲದ ಶೋಗಳು ಮತ್ತೆ ಪೋರ್ಟಲ್ಲಿ ಇಳಿದ್ಮೇಲಿನ ಸೇಫ್ಟಿ.

ಮೊದ್ಲು ಶೋ. ನಿಜವಾಗ್ಲೂ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಐಸ್ ಶೋ ಅಂತೂ ನಮ್ಮನೇಲಿ ಇವತ್ತಿಗೂ ಮಾತಾಡ್ತಾರೆ. ಹಡಗಿನ ಹೊಟ್ಟೆಯೊಳಗೆ ಒಂದು ಪುಟ್ಟ ರಿಂಕ್, ಮಾಮೂಲಿ ರಿಂಕ್‌ಗಿಂತ ತುಂಬಾ ಚಿಕ್ದು, ನಾವು ಮುಂದಿನ ಸಾಲುಗಳಲ್ಲೇ ಕೂತಿದ್ವಿ, ಮ್ಯೂಸಿಕ್ ಮಧ್ಯೆನೂ ಬ್ಲೇಡು ಐಸನ್ನ ಕೆರೆಯೋ ಸದ್ದು ಕೇಳೋದು, ಗಕ್ಕನೆ ನಿಂತಾಗ ಐಸ್ ಪುಡಿ ಎಗರಿ ಅಂಚಿನ ಗೋಡೆಗೆ ಬಡಿಯೋದು. ಆವತ್ತು ಹಡಗು ಸ್ವಲ್ಪ ವಾಲಾಡ್ತಿತ್ತು. ಒಬ್ಬ ಹುಡುಗಿ ಹಾರೋಕೆ ಅಂತ ಸ್ಪೀಡಾಗಿ ಬಂದ್ಲು, ಕಾಲು ಎತ್ತೋಕೆ ಮುಂಚೆ ಯಾಕೋ ತಡೆದ್ಲು, ನಗ್ತಾನೇ ಇನ್ನೊಂದು ಸುತ್ತು ಹಾಕಿ ಹಡಗು ಸಮಕ್ಕೆ ಬಂದ ಗಳಿಗೆ ನೋಡ್ಕೊಂಡು ಹಾರಿ ನಿಂತ್ಲು. ಜನ ಅದನ್ನ ಡ್ಯಾನ್ಸ್‌ನ ಭಾಗ ಅಂದ್ಕೊಂಡ್ರು. ಅಮ್ಮ ಮಾತ್ರ ನನ್ನ ಕೈ ಹಿಡ್ಕೊಂಡು 'ನೋಡ್ದ್ಯಾ, ಕಾದ್ಲು' ಅಂದ್ರು. ನೆಲದ ಮೇಲೆ ಮಾಡೋದೇ ಕಷ್ಟ, ಇಲ್ಲಿ ಕಾಲ ಕೆಳಗಿನ ಐಸೇ ಓಲಾಡ್ತಿರುತ್ತೆ, ಆ ಮಕ್ಕಳಿಗೆ ನಾನು ಎಷ್ಟು ಚಪ್ಪಾಳೆ ಹೊಡೆದ್ರೂ ಕಮ್ಮಿ.

ಡೆಕ್ ಹಿಂದುಗಡೆ ನೀರಿನ ಥಿಯೇಟರ್ ಇದೆ, ಎತ್ತರದಿಂದ ಡೈವ್ ಹೊಡಿಯೋ ಶೋ. ನಮ್ಮ ಬುಕಿಂಗ್ ಇದ್ದ ರಾತ್ರಿ ಗಾಳಿ ಜಾಸ್ತಿ ಅಂತ ಕ್ಯಾನ್ಸಲ್ ಮಾಡಿ ಬೇರೆ ದಿನ ಇಟ್ರು. ಸುತ್ತ ಇದ್ದೋರು ಗೊಣಗಿದ್ರು, ಮಕ್ಕಳು ಮುಖ ಊದಿಸ್ಕೊಂಡ್ರು, ನನಗೆ ಮಾತ್ರ ಸಮಾಧಾನ ಆಯ್ತು, ಅಷ್ಟು ಎತ್ತರದಿಂದ ಸಣ್ಣ ಕೊಳಕ್ಕೆ ಹಾರೋರ ಜೀವ ನಮ್ಮ ಒಂದು ಸಾಯಂಕಾಲಕ್ಕಿಂತ ದೊಡ್ಡದಲ್ವಾ. ಈ ಮಾತು ನೆನಪಲ್ಲಿಟ್ಕೊಳ್ಳಿ, ಆಮೇಲೆ ಪೋರ್ಟ್ ವಿಷ್ಯಕ್ಕೆ ಬರ್ತೀನಿ.

ಮನೇಲಿ ವಯಸ್ಸಾದೋರು ಇದ್ರೆ ಒಂದು ಮಾತು. ಸ್ಟ್ಯಾಂಡಪ್ ಕಾಮಿಡಿ, ಗೇಮ್ ಶೋ ಎಲ್ಲ ಅಮೇರಿಕಾದೋರ ಜೋಕು, ಅಪ್ಪ ಅಮ್ಮಂಗೆ ತಲೆ ಬುಡ ಅರ್ಥ ಆಗ್ಲಿಲ್ಲ, ರಾತ್ರಿ ಹೊತ್ತಿನ ಕಾಮಿಡಿಯಲ್ಲಿ ಭಾಷೆನೂ ಕೆಟ್ಟದಾಗಿರುತ್ತೆ, ಮಕ್ಕಳನ್ನ ಬಿಡೋದೂ ಇಲ್ಲ. ಐಸು, ಡೈವಿಂಗು, ಸರ್ಕಸ್ ತರದ ಕಸರತ್ತು ಇವಕ್ಕೆ ಭಾಷೆ ಬೇಡ, ಇವನ್ನ ಮೊದ್ಲು ಬುಕ್ ಮಾಡಿ. ಬುಕಿಂಗ್ ಎಲ್ಲ ಆ್ಯಪಲ್ಲೇ, ಹಡಗು ಹತ್ತೋಕೆ ಮುಂಚೆನೇ ಓಪನ್ ಆಗುತ್ತೆ, ದುಡ್ಡು ಬೇರೆ ಕೊಡ್ಬೇಕಾಗಿಲ್ಲ. ಸೀಟು ಸಿಗ್ಲಿಲ್ಲ ಅಂದ್ರೂ ಹೋಗಿ ಸ್ಟ್ಯಾಂಡ್‌ಬೈ ಲೈನಲ್ಲಿ ನಿಂತ್ಕೊಳ್ಳಿ, ಬರ್ದೇ ಇದ್ದೋರ ಸೀಟು ಶುರುವಾಗೋಕೆ ಸ್ವಲ್ಪ ಮುಂಚೆ ಬಿಟ್ಕೊಡ್ತಾರೆ. ಅಪ್ಪಂಗೆ ಇದ್ಯಾವುದೂ ಬೇಡ, ಊಟ ಆದ್ಮೇಲೆ ಪಿಯಾನೋ, ಪಿಟೀಲು ನುಡಿಸೋರ ಎದುರು ಒಂದು ಕುರ್ಚಿ ಹಿಡಿದು ಕೂತ್ರೆ ಮುಗೀತು. ಕ್ಯಾಸಿನೋ ದಾಟ್ಕೊಂಡೇ ಥಿಯೇಟರ್‌ಗೆ ಹೋಗೋ ತರ ಕಟ್ಟಿದ್ದಾರೆ, ಸಿಗರೇಟ್ ಹೊಗೆ ತಡೆಯೋಕಾಗಲ್ಲ, ಉಬ್ಬಸ ಇರೋರು ಮೇಲಿನ ಡೆಕ್ಕಿಂದ ಸುತ್ತಿ ಹೋಗಿ.

ಈಗ ಪೋರ್ಟ್. ಹಡಗು ಹೊರಡೋಕೆ ಮುಂಚೆ ಮಸ್ಟರ್ ಡ್ರಿಲ್ ಮಾಡಿಸ್ತಾರೆ, ಏಳು ಸಲ ಚಿಕ್ಕದಾಗಿ ಒಂದು ಸಲ ಉದ್ದಕ್ಕೆ ಸೈರನ್ ಕೂಗಿದ್ರೆ ಎಲ್ಲಿಗೆ ಹೋಗ್ಬೇಕು, ಲೈಫ್ ಜಾಕೆಟ್ ಹೆಂಗೆ ಹಾಕ್ಕೋಬೇಕು ಅಂತ. 2012ರ ಜನವರಿಯಲ್ಲಿ ಇಟಲಿಯ ಜಿಲಿಯೊ ದ್ವೀಪದ ಹತ್ರ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಜನ ಸತ್ರಲ್ಲ, ಅದರಲ್ಲಿ ಹೊಸದಾಗಿ ಹತ್ತಿದ್ದ ಎಷ್ಟೋ ಜನಕ್ಕೆ ಡ್ರಿಲ್ಲೇ ಆಗಿರ್ಲಿಲ್ಲ, ಆಮೇಲೆ ನಿಯಮ ಬಿಗಿಯಾಯ್ತು, ಹೊರಡೋ ಮುಂಚೆ ಅಥವಾ ಹೊರಟ ತಕ್ಷಣ ಮಾಡ್ಲೇಬೇಕು. ಈಗ ವಿಡಿಯೋನ ಫೋನಲ್ಲೇ ನೋಡಿ, ನಮ್ಮ ಜಾಗಕ್ಕೆ ಹೋಗಿ ಕಾರ್ಡ್ ಸ್ಕ್ಯಾನ್ ಮಾಡಿಸಿದ್ರೆ ಆಯ್ತು. ಬರ್ದೇ ಇದ್ದೋರ ಹೆಸ್ರು ಹಿಡಿದು ಕೂಗ್ತಿದ್ರು, ಅಷ್ಟು ಸ್ಟ್ರಿಕ್ಟು. ಒಳ್ಳೇದೇ.

ಆದ್ರೆ ದಿನಾ ಸಾವಿರಾರು ಜನ ಇಳಿಯೋ ಊರಿನ ಬಗ್ಗೆ ಅದರಲ್ಲಿ ಕಾಲು ಭಾಗ ಕಾಳಜಿನೂ ಕಾಣ್ಸಲ್ಲ. 'ಪೋರ್ಟ್ ಟಾಕ್' ಅಂತ ಥಿಯೇಟರಲ್ಲಿ ಒಂದು ಕಾರ್ಯಕ್ರಮ ಇಟ್ಟಿದ್ರು, ಏನಾದ್ರೂ ತಿಳ್ಕೊಳ್ಳೋಣ ಅಂತ ಪೆನ್ನು ಹಿಡ್ಕೊಂಡು ಹೋಗಿ ಕೂತೆ. ಪೂರ್ತಿ ವಜ್ರ, ಟಾಂಜನೈಟ್ ಅನ್ನೋ ನೀಲಿ ಹರಳು, ವಾಚು, ಯಾವ ಅಂಗಡೀಲಿ ಕೂಪನ್ ತೋರಿಸಿದ್ರೆ ಏನು ಫ್ರೀ, ಅಷ್ಟೇ. ಕೊಟ್ಟ ಮ್ಯಾಪಲ್ಲೂ ಅಂಗಡಿಗಳೇ. ಟ್ಯಾಕ್ಸಿಗೆ ಎಷ್ಟು ಕೊಡ್ಬೇಕು, ಎಲ್ಲಿ ನಡ್ಕೊಂಡು ಹೋಗ್ಬಹುದು, ಯಾವುದರ ಹತ್ರ ಹೋಗ್ಬಾರ್ದು, ಒಂದು ಮಾತಿಲ್ಲ. ದಿನಾ ಕ್ಯಾಬಿನ್ನಿಗೆ ಬರೋ ಹಾಳೆಯಲ್ಲಿ 'ಬೆಲೆಬಾಳೋ ಒಡವೆ ಹಾಕ್ಕೊಂಡು ಹೋಗ್ಬೇಡಿ' ಅಂತ ಒಂದು ಸಾಲು.

ನಸ್ಸೌನೇ ತಗೊಳ್ಳಿ. 2024ರ ಜನವರಿಯಲ್ಲಿ ಅಲ್ಲಿನ ಅಮೇರಿಕನ್ ಎಂಬೆಸಿ ವರ್ಷ ಶುರುವಾದಾಗಿಂದ 18 ಕೊಲೆ ಆಗಿದೆ, ಹಾಡುಹಗಲೇ ಆಗಿರೋದೂ ಇದೆ, ಹುಷಾರು ಅಂತ ಎಚ್ಚರಿಕೆ ಹೊರಡಿಸಿತ್ತು. ಬಹುಪಾಲು ಗ್ಯಾಂಗ್‌ಗಳ ನಡುವಿನ ಸೇಡಿನ ಕೊಲೆಗಳು, ಟೂರಿಸ್ಟ್‌ಗಳನ್ನ ಗುರಿ ಮಾಡಿದ್ದಲ್ಲ, ಅದನ್ನೂ ಹೇಳ್ಬೇಕು. ಆದ್ರೆ ಅಮೇರಿಕಾ ಸರ್ಕಾರದ ಟ್ರಾವೆಲ್ ಅಡ್ವೈಸರಿಯಲ್ಲಿ ಇನ್ನೊಂದು ವಿಷ್ಯ ಇದೆ, ಅದು ನೇರವಾಗಿ ನಮ್ಮಂತೋರಿಗೇ ಸಂಬಂಧಪಟ್ಟಿದ್ದು: ಬೀಚಲ್ಲಿ ಜೆಟ್ ಸ್ಕೀ (ನೀರಿನ ಮೇಲೆ ಓಡಿಸೋ ಬೈಕು) ಬಾಡಿಗೆಗೆ ಕೊಡೋ ಕೆಲವ್ರು ಹೆಣ್ಮಕ್ಕಳ ಮೇಲೆ ದೌರ್ಜನ್ಯ ಮಾಡಿರೋ ಪ್ರಕರಣಗಳಿವೆ, ಬೋಟುಗಳ ಮೇಲೆ ಉಸ್ತುವಾರಿನೂ ಸರಿಯಾಗಿಲ್ಲ ಅಂತ. ಸರ್ಕಾರ ಬರೆದು ಪಬ್ಲಿಕ್ಕಾಗಿ ಇಟ್ಟಿರೋದನ್ನ ಹಡಗಿನೋರು ಎರಡು ನಿಮಿಷ ಮೈಕಲ್ಲಿ ಹೇಳೋಕೆ ಏನು ಕಷ್ಟ?

ನಮಗೂ ಒಬ್ಬ ಜೆಟ್ ಸ್ಕೀಯವ್ನು ಗಂಟುಬಿದ್ದ. ಪೋರ್ಟ್‌ನಿಂದ ನಡ್ಕೊಂಡೇ ಜಂಕನೂ ಬೀಚಿಗೆ ಹೋಗ್ಬಹುದು, ಮರಳ ಮೇಲೆ ಟವೆಲ್ ಹಾಸೋಕೂ ಬಿಡ್ಲಿಲ್ಲ, ಒಬ್ಬ ಬಂದು ನನ್ನ ಮಗಳನ್ನ ನೋಡ್ಕೊಂಡೇ 'ದುಡ್ಡು ಆಮೇಲೆ ಕೊಡಿ, ಮೊದ್ಲು ಒಂದು ರೌಂಡ್ ಹೋಗ್ಬರ್ಲಿ, ನಾನೇ ಹಿಂದೆ ಕೂರ್ತೀನಿ' ಅಂದ. ಕೈಯಲ್ಲಿದ್ದ ಲೈಫ್ ಜಾಕೆಟ್ ನೋಡಿದೆ, ಕೆಳಗಿನ ಬಕಲ್ ಮುರಿದಿತ್ತು, ಅದರ ಜಾಗದಲ್ಲಿ ನೈಲಾನ್ ದಾರ ಗಂಟು ಹಾಕಿದ್ದ, ಲೈಸೆನ್ಸ್ ತೋರ್ಸಿ ಅಂದ್ರೆ ನಕ್ಕ. ಅಡ್ವೈಸರಿ ಓದ್ಕೊಂಡು ಹೋಗಿದ್ದಕ್ಕೆ ಬೇಡ ಅಂತ ಖಡಾಖಂಡಿತ ಹೇಳಿ ಲೈಫ್‌ಗಾರ್ಡ್ ಇದ್ದ ಕಡೆಗೆ ಜಾಗ ಬದಲಾಯಿಸಿದ್ವಿ. ಪಕ್ಕದಲ್ಲಿದ್ದ ನಮ್ಮ ಹಡಗಿನ ಫ್ಯಾಮಿಲಿಯ ಇಬ್ಬರು ಹುಡುಗೀರು ಹೊರಟೇ ಬಿಟ್ಟಿದ್ರು, ನಾನು ಅವರಮ್ಮಂಗೆ ಫೋನಲ್ಲಿ ಅಡ್ವೈಸರಿ ತೋರಿಸಿದ್ಮೇಲೆ ವಾಪಸ್ ಕರೆದ್ರು. ಆಯಮ್ಮ ಹೇಳಿದ್ದು ಒಂದೇ ಮಾತು, 'ಇದನ್ನ ನಮಗೆ ಯಾರೂ ಹೇಳ್ಲಿಲ್ಲ.' ನನ್ನ ಸಿಟ್ಟೂ ಅದೇ.

ನಸ್ಸೌ ಕೆಟ್ಟ ಊರು ಅಂತ ದಯವಿಟ್ಟು ತಿಳ್ಕೋಬೇಡಿ. 2023ರಲ್ಲಿ ಪೋರ್ಟ್‌ನ ಪೂರ್ತಿ ಹೊಸದಾಗಿ ಕಟ್ಟಿದ್ದಾರೆ, ಚೆನ್ನಾಗಿದೆ, ಪೊಲೀಸರೂ ಕಾಣ್ಸ್ತಾರೆ. ಸ್ಟ್ರಾ ಮಾರ್ಕೆಟಲ್ಲಿ ಬುಟ್ಟಿ ಮಾರೋ ಒಬ್ಬ ಅಜ್ಜಿ ಅಮ್ಮನ ಮಂಡಿ ನೋವು ನೋಡಿ ಸ್ಟೂಲ್ ಕೊಟ್ಟು ಕೂರ್ಸಿ, ಕ್ವೀನ್ಸ್ ಸ್ಟೇರ್‌ಕೇಸ್‌ಗೆ ಬಿಸಿಲೇರೋ ಮುಂಚೆ ಹೋಗಿ, ವಾಪಸ್ ಬರುವಾಗ ಬೇ ಸ್ಟ್ರೀಟ್ ಬಿಟ್ಟು ಒಳಗಿನ ಓಣಿಗೆ ಹೋಗ್ಬೇಡಿ, ಟ್ಯಾಕ್ಸಿ ಹತ್ತೋ ಮುಂಚೆ ರೇಟು ತಲೆಗಾ ಗಾಡಿಗಾ ಅಂತ ಕೇಳಿ ಅಂದ್ರು. ಆ ಮೆಟ್ಟಿಲುಗಳನ್ನ ಗುಲಾಮರ ಕೈಯಲ್ಲಿ ಸುಣ್ಣದಕಲ್ಲು ಕಡಿಸಿ ಮಾಡಿದ್ದು, ಎರಡೂ ಕಡೆ ಎತ್ತರದ ಕಲ್ಲಿನ ಗೋಡೆ, ಮಧ್ಯೆ ತಂಪು, ನೋಡ್ಲೇಬೇಕಾದ ಜಾಗ. ಪೋರ್ಟ್ ಟಾಕಲ್ಲಿ ಸಿಗದ ಮಾಹಿತಿ ಒಬ್ಬ ಅಜ್ಜಿ ಹತ್ರ ಸಿಕ್ತು.

ಕೊಝುಮೆಲಲ್ಲಿ ಭಯ ಬೇರೆ ತರದ್ದು, ಟೈಮು. ಆ ಭಾಗದ ಮೆಕ್ಸಿಕೋದಲ್ಲಿ ಬೇಸಿಗೆಗೆ ಗಡಿಯಾರ ಮುಂದಿಡಲ್ಲ, ಹಂಗಾಗಿ ಬೇಸಿಗೇಲಿ ಮಯಾಮಿಗಿಂತ ಒಂದು ಗಂಟೆ ಹಿಂದೆ ಇರುತ್ತೆ, ನಮ್ಮ ಹಡಗು ಮಯಾಮಿ ಟೈಮಲ್ಲೇ ಇತ್ತು. ದಡದ ಸಿಗ್ನಲ್ ಸಿಕ್ಕಿದ ಕೂಡ್ಲೆ ಫೋನು ತಾನೇ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ. ನೀವು ಫೋನ್ ನೋಡಿ ಇನ್ನೂ ಮೂರೂವರೆ ಅಂದ್ಕೊಂಡಿರ್ತೀರಿ, ಹಡಗಲ್ಲಿ ನಾಲ್ಕೂವರೆ, ಆಲ್ ಅಬೋರ್ಡ್, ಅಂದ್ರೆ ಎಲ್ರೂ ವಾಪಸ್ ಹತ್ತಿರ್ಬೇಕಾದ ಟೈಮು, ಮುಗಿದಿರುತ್ತೆ. ಆವತ್ತು ಒಂದು ಜೋಡಿ ಮಗುನ ಎತ್ಕೊಂಡು ಪಿಯರ್ ಉದ್ದಕ್ಕೂ ಓಡಿ ಬರ್ತಿತ್ತು, ಮೇಲಿನ ಡೆಕ್ಕಲ್ಲಿ ಜನ ವಿಡಿಯೋ ಮಾಡ್ಕೊಂಡು ಕೇಕೆ ಹಾಕ್ತಿದ್ರು, ನನಗೆ ಅದು ಒಂಚೂರೂ ಇಷ್ಟ ಆಗ್ಲಿಲ್ಲ. ಹೆಂಗೋ ಹತ್ಕೊಂಡ್ರು. ಕೈಗೆ ಒಂದು ಮಾಮೂಲಿ ವಾಚ್ ಕಟ್ಕೊಳ್ಳಿ, ಹಡಗಿನ ಟೈಮ್ ಇಟ್ಕೊಳ್ಳಿ, ಫೋನ್ ನಂಬ್ಬೇಡಿ.

ಹಡಗಿನೋರೇ ಮಾರೋ ಟೂರ್ ತಗೊಂಡ್ರೆ ತಡವಾದ್ರೂ ಕಾಯ್ತಾರೆ, ಅದೊಂದು ದೊಡ್ಡ ಲಾಭ, ವಯಸ್ಸಾದೋರು ಇದ್ರೆ ಜಾಸ್ತಿ ದುಡ್ಡಾದ್ರೂ ಅದನ್ನೇ ತಗೊಳ್ಳಿ ಅಂತೀನಿ. ಆದ್ರೆ ಹಡಗಿನ ಹೆಸ್ರಿದೆ ಅಂದ ಮಾತ್ರಕ್ಕೆ ಅಪಾಯ ಇಲ್ಲ ಅಂತಲ್ಲ, ಬಸ್ಸು, ಗೈಡು ಎಲ್ಲ ಲೋಕಲ್ ಕಾಂಟ್ರಾಕ್ಟರ್‌ದು, ಏನಾದ್ರೂ ಆದ್ರೆ ನಾವು ಜವಾಬ್ದಾರರಲ್ಲ ಅಂತ ಟಿಕೆಟ್ಟಿನ ಸಣ್ಣ ಅಕ್ಷರದಲ್ಲೇ ಬರ್ದಿರುತ್ತೆ. ಕೋಸ್ಟಾ ಮಾಯಾದಿಂದ ಚಾಕ್ಚೋಬೆನ್ ಅನ್ನೋ ಮಾಯಾ ದೇವಸ್ಥಾನಗಳ ಕಡೆ ಹೊರಟಿದ್ದ ಕ್ರೂಸ್ ಪ್ರಯಾಣಿಕರ ಬಸ್ಸು 2017ರ ಡಿಸೆಂಬರಲ್ಲಿ ಪಲ್ಟಿಯಾಗಿ 12 ಜನ ತೀರ್ಕೊಂಡ್ರು. ನ್ಯೂಜಿಲೆಂಡಲ್ಲಿ 2019ರ ಡಿಸೆಂಬರ್ 9ಕ್ಕೆ ವಕಾರಿ ಜ್ವಾಲಾಮುಖಿ ಸಿಡಿದು 22 ಜನ ಸತ್ರು, ಅವ್ರಲ್ಲಿ ಹೆಚ್ಚಿನೋರು ಒಂದೇ ಕ್ರೂಸ್ ಹಡಗಿಂದ ಇಳಿದು ಟೂರ್ ಹೋಗಿದ್ದೋರು. ನಾವೂ ಚಾಕ್ಚೋಬೆನ್‌ಗೆ ಹೋದ್ವಿ, ಸೀಟ್ ಬೆಲ್ಟ್ ಇರೋ ಸೀಟು ನೋಡಿ ಕೂತ್ವಿ, ಅಪ್ಪ ನಿಧಾನಕ್ಕೆ ಎಲ್ಲ ಕಟ್ಟಡಗಳ ಸುತ್ತ ನಡೆದ್ರು, ಕಾಡಿನ ಮಧ್ಯೆ ತುಂಬಾ ಚೆನ್ನಾಗಿದೆ. ಹೋಗ್ಬೇಡಿ ಅನ್ನಲ್ಲ, ಬೆಲ್ಟ್ ಇಲ್ಲದ ಬಸ್ಸಾದ್ರೆ ಇಳಿದ್ಬಿಡಿ ಅಂತೀನಿ.

ಗಾಳಿ ಬಂದ್ರೆ ಡೈವಿಂಗ್ ನಿಲ್ಸೋ ಬುದ್ಧಿ ಇರೋ ಕಂಪನಿಗಳಿಗೆ, ಇಳಿಯೋ ಊರಿನ ಬಗ್ಗೆ ಐದು ನಿಮಿಷದ ವಿಡಿಯೋ ಮಾಡಿ ಡ್ರಿಲ್ ತರಾನೇ ಎಲ್ಲರಿಗೂ ತೋರ್ಸೋದು ದೊಡ್ಡ ಕೆಲಸ ಅಲ್ಲ. ಪ್ರವಾಸ ಮುಗಿದ್ಮೇಲೆ ಬಂದ ಸರ್ವೇಲಿ ಇದನ್ನೇ ಉದ್ದಕ್ಕೆ ಬರ್ದು ಕಳಿಸಿದ್ದೀನಿ, ನೀವೂ ಹೋಗಿ ಬಂದ್ರೆ ಬರೀರಿ, ಬರೀ ಸ್ಟಾರ್ ಒತ್ತಿ ಬಿಡ್ಬೇಡಿ.

ಇಂಡಿಯನ್ ಪಾಸ್‌ಪೋರ್ಟ್ ಇರೋರಿಗೆ: ಚಾಲ್ತಿಯಲ್ಲಿರೋ ಅಮೇರಿಕಾ ವೀಸಾ ಇದ್ರೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ, ಆದ್ರೆ ಅಪ್ಪ ಅಮ್ಮನ ವೀಸಾ ಮಲ್ಟಿಪಲ್ ಎಂಟ್ರಿನಾ ಅಂತ ಬುಕ್ ಮಾಡೋ ಮುಂಚೆ ನೋಡ್ಕೊಳ್ಳಿ, ಹಡಗು ವಾಪಸ್ ಬಂದಾಗ ಮತ್ತೆ ಅಮೇರಿಕಾ ಒಳಗೆ ಬರ್ಬೇಕಲ್ಲ. ನಸ್ಸೌನಲ್ಲಿ ನಮ್ಮ ಹೈಕಮಿಷನ್ ಇಲ್ಲ, ಬಹಾಮಾಸ್ ಕೆಲಸವನ್ನೂ ಜಮೈಕಾದ ಕಿಂಗ್‌ಸ್ಟನ್‌ನಲ್ಲಿರೋ ಹೈಕಮಿಷನ್ನೇ ನೋಡ್ಕೊಳ್ಳುತ್ತೆ, ಪಾಸ್‌ಪೋರ್ಟ್ ಕಳ್ಕೊಂಡ್ರೆ ದೊಡ್ಡ ತಲೆನೋವು, ಅದಕ್ಕೇ ಇಳಿಯುವಾಗ ಜೇಬಲ್ಲಿ ಜೆರಾಕ್ಸ್ ಇರ್ಲಿ, ದಿನದ ಹಾಳೆಯಲ್ಲಿ ಪೋರ್ಟ್ ಏಜೆಂಟ್ (ಆ ಊರಲ್ಲಿ ಹಡಗಿನ ಪರವಾಗಿ ಇರೋರು) ನಂಬರ್ ಹಾಕಿರ್ತಾರೆ, ಅದರ ಫೋಟೋ ಎಲ್ಲರ ಫೋನಲ್ಲೂ ಇರ್ಲಿ. ಅಮ್ಮಂಗೆ ಈಗ ಅಲಾಸ್ಕಾ ಕ್ರೂಸ್ ಆಸೆ ಬಂದಿದೆ. ಮಂಡಿ ನೋವಿರೋರನ್ನ ಕರ್ಕೊಂಡು ಯಾರಾದ್ರೂ ಹೋಗಿದ್ರೆ, ಯಾವ ಊರಲ್ಲಿ ಹಡಗು ದಡಕ್ಕೇ ನಿಲ್ಲುತ್ತೆ, ಎಲ್ಲಿ ಸಣ್ಣ ಬೋಟಿಗೆ ಇಳಿಸ್ತಾರೆ ಅಂತ ಕೆಳಗೆ ಬರೀರಿ.