ತೀರ್ಥಹಳ್ಳಿ ತೋಟದ ಮನೇನಾ, ಮಧುಗಿರಿಯ ಮಳೆ ನಂಬಿದ ಬೆದ್ದಲು ಹೊಲಾನಾ? ಎರಡೂ ಕಡೆ ಒಂದೊಂದು ವರ್ಷ ಇದ್ದು ನೋಡಿದ್ವಿ

1987ರಲ್ಲಿ ಬ್ಯಾಂಕ್ ಗುಮಾಸ್ತ ಆಗಿ ತೀರ್ಥಹಳ್ಳಿಗೆ ಪೋಸ್ಟಿಂಗ್ ಆಯ್ತು ನಂಗೆ, ಇಪ್ಪತ್ತೈದು ವರ್ಷ ವಯಸ್ಸು, ಮದುವೆ ಇಲ್ಲ, ಸಂಜೆ ಆದ್ರೆ ತುಂಗಾ ಹೊಳೆ ಕಮಾನು ಸೇತುವೆ ಮೇಲೆ ನಿಂತ್ಕೊಂಡು ಒಂದಿನ ಇಲ್ಲೇ ಒಂದು ತೋಟದ ಮನೆ ಮಾಡ್ಬೇಕು ಅಂದ್ಕೊಳ್ಳೋದು. ಎರಡು ವರ್ಷಕ್ಕೆ ಬೆಂಗಳೂರಿಗೆ ಎತ್ತಂಗಡಿ, ಅಲ್ಲಿಂದ ರಿಟೈರ್ ಆಗೋವರೆಗೂ ಜಯನಗರ ಬಿಟ್ಟು ಆಚೆ ಹೋಗಿಲ್ಲ. ಮಧ್ಯೆ ಒಂದ್ಸಲ ಜಮೀನು ವಿಚಾರಿಸಿದ್ದೆ, ಆಗ ಭೂಸುಧಾರಣಾ ಕಾಯ್ದೆ 79ಬಿ ಪ್ರಕಾರ ರೈತ ಅಲ್ಲದವನು ಕೃಷಿ ಜಮೀನು ಕೊಳ್ಳೋ ಹಾಗೇ ಇರಲಿಲ್ಲ. 2020ರಲ್ಲಿ ಆ 79ಬಿ ತೆಗೆದ್ರು, ನಾನು 2022ರಲ್ಲಿ ರಿಟೈರ್ ಆದೆ, ಇನ್ನೇನು ಬೇಕು ಅಂತ ಹೊರಟೆ.

ನಮ್ಮ ಮನೆಯವಳು ಮಾತ್ರ ಒಂದೇ ಕಂಡೀಷನ್ ಹಾಕಿದ್ಲು. "ರೀ, ಒಂದು ಪೂರ್ತಿ ಮಳೆಗಾಲ ಬಾಡಿಗೆಗೆ ಇದ್ದು ತೋರ್ಸಿ, ಆಮೇಲೆ ಪಿಎಫ್ ದುಡ್ಡು ಮುಟ್ಟಿ." ಅವಳ ತವರು ಮಧುಗಿರಿ ಹತ್ರದ ಹಳ್ಳಿ, ಅವಳಿಗೆ ಹಳ್ಳಿ ಅಂದ್ರೆ ಏನು ಅಂತ ಗೊತ್ತು. ನಂಗೆ ಗೊತ್ತಿದ್ದಿದ್ದು ಸೇತುವೆ ಮೇಲಿಂದ ಕಾಣೋ ಹಳ್ಳಿ.

ಅಕ್ಟೋಬರ್‌ನಲ್ಲಿ ತೀರ್ಥಹಳ್ಳಿಯಿಂದ ಹದಿನೈದು ಕಿಲೋಮೀಟರ್ ಒಳಗೆ ಅಡಿಕೆ ತೋಟದಲ್ಲಿದ್ದ ಒಂದು ಹಳೇ ಮನೆ ಹಿಡಿದ್ವಿ, ತಿಂಗಳಿಗೆ ಆರು ಸಾವಿರ ಬಾಡಿಗೆ. ಮೇ ತನಕ ಸ್ವರ್ಗ ಅಂತ್ಲೇ ಹೇಳ್ಬೇಕು. ಹಂಡೆ ತುಂಬ ಬಿಸಿನೀರು, ಬೆಳಿಗ್ಗೆ ಮಂಜು, ಎಳ್ಳಮಾವಾಸ್ಯೆ ಜಾತ್ರೆ, ಅಡಿಕೆ ಸುಲಿಯೋ ಚಪ್ಪರದಲ್ಲಿ ರಾತ್ರಿ ಹನ್ನೊಂದರ ತನಕ ಹರಟೆ, ಫೆಬ್ರವರಿಯಲ್ಲಿ ಉಪ್ಪಿನಕಾಯಿಗೆ ಹಾಕೋ ಅಪ್ಪೆಮಿಡಿ ಮಾವು. ಬಂದ ನೆಂಟರಿಗೆಲ್ಲ ನಾನೇ ಮನೆ ಕಟ್ಟಿಸ್ದೋನ ಥರ ತೋರಿಸ್ತಿದ್ದೆ. ಅದೇ ಎಲ್ಲರೂ ಮಾಡೋ ತಪ್ಪು ನೋಡಿ, ಚಳಿಗಾಲದಲ್ಲಿ ಹೋಗಿ ಅಡ್ವಾನ್ಸ್ ಕೊಟ್ಟು ಬರ್ತಾರೆ.

ಆಮೇಲೆ ಮಳೆ. 2023ರಲ್ಲಿ ಮಳೆ ಕಮ್ಮಿ ಅಂತಾರೆ ಊರವರು, ಜೂನ್ ಸುಮಾರು, ಆಗಸ್ಟ್ ಅಂತೂ ಒಣಗೇ ಹೋಯ್ತು, ಆದ್ರೂ ಮಧ್ಯದ ಜುಲೈ ಒಂದೇ ನಂಗೆ ಸಾಕಾಯ್ತು. ಬಟ್ಟೆ ಒಣಗಲ್ಲ, ಕನ್ನಡಕದ ಬಾಕ್ಸಿಗೂ ಬೂಸ್ಟು, ನನ್ನ ಡಿಗ್ರಿ ಸರ್ಟಿಫಿಕೇಟಿಗೂ ಬೂಸ್ಟು. ಬಚ್ಚಲಿಗೆ ಹೋಗಿ ಬರೋದ್ರೊಳಗೆ ಕಾಲಿಗೆ ಉಂಬಳ, ಅಂದ್ರೆ ಜಿಗಣೆ. ಮೂರನೇ ವಾರ ಮರ ಬಿದ್ದು ನಾಲ್ಕು ದಿನ ಕರೆಂಟ್ ಇಲ್ಲ, ಟವರ್ ಬ್ಯಾಟರಿ ಮುಗಿದು ಸಿಗ್ನಲ್ಲೂ ಹೋಯ್ತು, ಅಂಥಾ ಒಂದು ರಾತ್ರಿ ನಂಗೆ ಕಿಡ್ನಿ ಸ್ಟೋನ್ ನೋವು ಶುರುವಾಯ್ತು. ಪಕ್ಕದ ಮನೆ ಅಂದ್ರೆ ಅಲ್ಲಿ ಅರ್ಧ ಕಿಲೋಮೀಟರ್, ನಡುವೆ ಒಂದು ಹಳ್ಳ. ಇವಳು ಟಾರ್ಚ್ ಹಿಡ್ಕೊಂಡು ಆ ಮಳೇಲಿ ಹೋಗಿ ಅವರನ್ನ ಎಬ್ಬಿಸಿದ್ಲು, ಪಾಪ ಅವರು ಜೀಪಲ್ಲಿ ಕತ್ತಿ ಹಾಕ್ಕೊಂಡೇ ಬಂದ್ರು, ದಾರೀಲಿ ಬಿದ್ದ ಕೊಂಬೆ ಕಡಿದು ಕಡಿದು ತೀರ್ಥಹಳ್ಳಿ ಮುಟ್ಟೋಕೆ ಎರಡು ಗಂಟೆ. "ಇದೆಂಥ ಮಾರಾಯ್ರೆ, ಮೊದ್ಲೇ ಹೇಳೋದಲ್ವಾ" ಅಂದ್ರು. ಜನ ಅಂದ್ರೆ ಅಂಥಾ ಜನ, ಅದರಲ್ಲಿ ಎರಡು ಮಾತಿಲ್ಲ. ದೂರದ್ದೇ ಸಮಸ್ಯೆ.

ತೋಟ ಕೊಂಡಿದ್ರೆ ಏನಾಗ್ತಿತ್ತು ಅಂತಲೂ ಅಲ್ಲೇ ಲೆಕ್ಕ ಹಾಕಿದೆ. ಮಳೆಗಾಲದಲ್ಲಿ ಅಡಿಕೆಕಾಯಿಗೆ ಬರೋ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೀಬೇಕು, ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು, ಮಾಡೋಕೇನೂ ಕಷ್ಟ ಇಲ್ಲ. ಮಳೆ ಬಿಡುವು ಕೊಟ್ಟ ಎರಡು ದಿನದಲ್ಲಿ ಇಡೀ ಊರಿಗೆ ಅದೇ ಮೂರು ಜನ ಔಷಧಿ ಹೊಡೆಯೋರು ಬೇಕು, ಅಲ್ಲಿ ಹೊಸದಾಗಿ ಬಂದ ರಿಟೈರ್ಡ್ ಬ್ಯಾಂಕ್ ಮನುಷ್ಯನ ತೋಟಕ್ಕೆ ಯಾರು ಮೊದಲು ಬರ್ತಾರೆ ಹೇಳಿ. ಈಗ ಕಾರ್ಬನ್ ಫೈಬರ್ ದೋಟಿ, ಅಂದ್ರೆ ಉದ್ದದ ಕೋಲು ಬಂದಿದೆ, ನೆಲದ ಮೇಲೆ ನಿಂತೇ ಹೊಡೀಬಹುದು, ನಾನೂ ಹಿಡಿದು ನೋಡಿದೆ, ಹತ್ತು ಮರಕ್ಕೆ ಕತ್ತು ಹಿಡ್ಕೊಳ್ತು. ಇದರ ಮೇಲೆ ಎಲೆಚುಕ್ಕಿ ರೋಗ ಬೇರೆ. ಕೊಳ್ಳೋಕೆ ಅಂತ ಅಲ್ಲಿ ನೋಡಿದ ಎರಡು ತೋಟದಲ್ಲೂ ಇನ್ನೊಂದು ತಮಾಷೆ, ಬೇಲಿ ಒಳಗೆ ನಾಲ್ಕು ಎಕರೆ, ಪಹಣಿಯಲ್ಲಿ ಎರಡು ಎಕರೆ ಹತ್ತು ಗುಂಟೆ. ಉಳಿದಿದ್ದು ಒತ್ತುವರಿ, ಆದ್ರೆ ರೇಟ್ ಮಾತ್ರ ನಾಲ್ಕು ಎಕರೆಗೂ.

ಮಧ್ಯೆ ಕನಕಪುರ ಕಡೆ ಒಂದು ಮ್ಯಾನೇಜ್ಡ್ ಫಾರ್ಮ್ ನೋಡೋಕೂ ಹೋಗಿದ್ವಿ, ಕಾಲು ಎಕರೆ, ಗೇಟು, ಕ್ಲಬ್ ಹೌಸು, ಗಿಡಕ್ಕೆ ನೀರು ಹಾಕೋನೂ ಅವರ ಆಳೇ, ತಿಂಗಳ ಮೇಂಟೆನೆನ್ಸ್ ನಮ್ಮದು. ಜಯನಗರದಲ್ಲೇ ನಾಲ್ಕು ಪಾಟ್ ಇಟ್ಕೊಂಡ್ರೆ ಆಗಲ್ವಾ ಅಂದ್ಲು ಇವಳು. ಅದರ ಬಗ್ಗೆ ಇಷ್ಟೇ.

2024ರ ಜೂನ್‌ನಲ್ಲಿ ಮಧುಗಿರಿ. ಭಾಮೈದ "ಎರಡು ಎಕರೆ ಸುಮ್ನೆ ಬಿದ್ದದೆ, ಮಾಡ್ಕೊಳಿ ಭಾವ" ಅಂದ, ಊರೊಳಗೆ ಅವರ ಹಳೇ ಮನೇನೂ ಖಾಲಿ ಇತ್ತು. ನಿಜ ಹೇಳ್ಬೇಕಂದ್ರೆ ಮನಸ್ಸಿಲ್ಲದೇ ಹೋದೆ. ಕಣ್ಣಿಗೆ ಏನೂ ಇಲ್ಲ, ಬಂಡೆ, ಹುಣಸೆ ಮರ, ಜಾಲಿ, ಏಪ್ರಿಲ್‌ನಲ್ಲಿ ಬೆಳಿಗ್ಗೆ ಹನ್ನೊಂದಾದ್ಮೇಲೆ ನಾಯಿನೂ ಹೊರಗೆ ಬರಲ್ಲ. ಕೊಳವೆ ಬಾವಿ ಎಂಟುನೂರು ಅಡಿ, ಆ ನೀರಲ್ಲಿ ಫ್ಲೋರೈಡು, ಕುಡಿಯೋಕೆ ಶುದ್ಧ ನೀರಿನ ಘಟಕಕ್ಕೆ ಐದು ರೂಪಾಯಿ ಕಾಯಿನ್ ಹಾಕಿ ಇಪ್ಪತ್ತು ಲೀಟರ್ ಕ್ಯಾನ್ ತುಂಬಿಸ್ಕೊಂಡು ಬರ್ಬೇಕು. ಮೋಟ್ರಿಗೆ ತ್ರೀ ಫೇಸ್ ಯಾವಾಗ ಬರುತ್ತೋ ಆವಾಗ ಎದ್ದು ಹೋಗು.

ಆದ್ರೆ ಕೆಲಸ ನನ್ನ ಕೈಗೆ ಎಟುಕ್ತಿತ್ತು. ರೈತ ಸಂಪರ್ಕ ಕೇಂದ್ರದಲ್ಲಿ ಎಂಎಲ್ 365 ಅನ್ನೋ ತಳಿ ರಾಗಿ ತಂದು, ಜುಲೈ ಕೊನೇಲಿ ಹದ ಬಿದ್ದಾಗ ಬಿತ್ತಿದ್ವಿ, ಮಧ್ಯೆ ಅಕ್ಕಡಿ ಸಾಲಲ್ಲಿ ಅವರೆ, ತೊಗರಿ, ಹುಚ್ಚೆಳ್ಳು. ನಾನೇ ಕಳೆ ಕಿತ್ತೆ, ನಿಧಾನಕ್ಕೆ, ಕೂತ್ಕೊಂಡು. ಹುಚ್ಚೆಳ್ಳು ಹೂ ಬಿಟ್ಟಾಗ ಆ ಬರಡು ಹೊಲ ಪೂರ್ತಿ ಹಳದಿ ಗೆರೆ ಎಳೆದ ಹಾಗೆ ಆಯ್ತು, ಅವತ್ತು ಮಾತ್ರ ಇವಳ ಮುಂದೆ ಒಪ್ಕೊಂಡೆ, ಚೆನ್ನಾಗಿದೆ ಅಂತ. ನವಿಲು ಕಾಟ ಇದೆ, ಹಂದಿ ಕಾಟ ಇದೆ, ಬೆಟ್ಟದ ಕಡೆ ಕರಡಿ ಇದೆ ಅಂತ ಸಂಜೆ ಆದ್ಮೇಲೆ ಹೊಲದಲ್ಲಿ ಯಾರೂ ನಿಲ್ಲಲ್ಲ.

ದುಡ್ಡಿನ ಲೆಕ್ಕ. ಟ್ರ್ಯಾಕ್ಟರ್, ಗೊಬ್ಬರ, ಕೂಲಿ, ಕಟಾವು ಮಿಷಿನ್ ಎಲ್ಲ ಸೇರಿ ಮೂವತ್ತೊಂದು ಸಾವಿರ. ಬಂದಿದ್ದು ಹದಿನಾಲ್ಕು ಕ್ವಿಂಟಾಲ್, ನಾಲ್ಕು ಮನೆಗೆ ಇಟ್ಕೊಂಡು ಹತ್ತು ಭಾಮೈದನ ಹೆಸರಲ್ಲಿ ಬೆಂಬಲ ಬೆಲೆಗೆ, ಆ ಸಲ ಕ್ವಿಂಟಾಲಿಗೆ 4,290 ರೂಪಾಯಿ, ಅಂದ್ರೆ ಹತ್ರ ಹತ್ರ ಹನ್ನೆರಡು ಸಾವಿರ ಲಾಭ, ನಮ್ಮಿಬ್ಬರ ದುಡಿಮೆಗೆ ಬೆಲೆ ಕಟ್ಟದೇ ಇದ್ರೆ. ಅಡಿಕೆ ಮುಂದೆ ಇದು ಯಾವ ದುಡ್ಡೂ ಅಲ್ಲ, ಅಡಿಕೆ ಬಂದ್ರೆ ಲಕ್ಷದ ಲೆಕ್ಕ. ಆದ್ರೆ ರಾಗಿ ಕೈಕೊಟ್ರೆ ಮೂವತ್ತು ಸಾವಿರ ಹೋಗುತ್ತೆ, ಅಷ್ಟೇ, ಪೆನ್ಷನ್‌ನಲ್ಲಿ ತಡ್ಕೋಬಹುದು. ತೋಟಕ್ಕೆ ಹಾಕೋದು ಇಡೀ ಪಿಎಫ್ಫು.

ಇಲ್ಲಿ ಊರೊಳಗಿನ ಮನೆಗಳು ಗೋಡೆಗೆ ಗೋಡೆ ಅಂಟ್ಕೊಂಡಿರ್ತಾವೆ, ಎರಡನೇ ದಿನಕ್ಕೇ ನನ್ನ ಪೆನ್ಷನ್ ಎಷ್ಟು ಅಂತ ಊರಿಗೆಲ್ಲ ಗೊತ್ತು, ಯಾಕೆ ಮಗ ಅಮೆರಿಕಾಗೆ ಕರ್ಕೊಳ್ಳಲಿಲ್ವಾ ಅಂತ ಕೇಳೋರು ಬೇರೆ. ನಂಗೆ ಇದು ಇವತ್ತಿಗೂ ಕಿರಿಕಿರಿ, ಮಲೆನಾಡಲ್ಲಿ ಹಿಂಗೆ ಯಾರೂ ತಲೆ ತಿನ್ನಲಿಲ್ಲ. ಆದ್ರೆ ಜನವರಿಯಲ್ಲಿ ಇವಳು ಬಚ್ಚಲಲ್ಲಿ ಜಾರಿ ಬಿದ್ದಾಗ ನಾನು ಫೋನ್ ಹುಡುಕೋದ್ರೊಳಗೆ ಶಬ್ದ ಕೇಳಿ ಪಕ್ಕದ ಮನೆ ಹೆಂಗಸರು ಮೂರು ಜನ ಒಳಗಿದ್ರು, ಆಟೋ ಬಾಗ್ಲಲ್ಲಿತ್ತು. ಮಧುಗಿರಿ ಆಸ್ಪತ್ರೆ ಹನ್ನೆರಡು ಕಿಲೋಮೀಟರ್.

ಹಾಗಾಗಿ ಮಧುಗಿರಿ. ಒಂದು ಎಕರೆ ಇವಳ ಹೆಸರಿಗೇ ಮಾಡಿಸ್ತಾ ಇದೀವಿ, ಪೋಡಿ, ಅಂದ್ರೆ ಅಳತೆ ಮಾಡಿ ಜಮೀನು ಬೇರೆ ಮಾಡೋದು, ಆಗ್ಬೇಕು, ಸರ್ವೇಯರ್ ಡೇಟ್ ಎರಡು ಸಲ ಮುಂದೆ ಹೋಗಿದೆ. ನೀವೂ ಈ ಕಡೆ ಜಮೀನು ನೋಡ್ತಿದ್ರೆ ಪಹಣಿ ಒಂದೇ ನೋಡ್ಬೇಡಿ, ಮೂಲದಲ್ಲಿ ಗ್ರಾಂಟ್ ಜಮೀನಾ ಅಂತ ಹಳೇ ದಾಖಲೆ ತೆಗೆಸಿ, ಪರಿಶಿಷ್ಟರಿಗೆ ಸರ್ಕಾರ ಕೊಟ್ಟ ಜಮೀನಾಗಿದ್ರೆ ಅಂಥಾ ಜಮೀನಿನ ಮಾರಾಟ ತಡೆಯೋ 1978ರ ಪಿಟಿಸಿಎಲ್ ಕಾಯ್ದೆ ಇದೆ, ಸರ್ಕಾರದ ಅನುಮತಿ ಇಲ್ದೇ ಕೊಂಡಿದ್ದು ನಿಲ್ಲಲ್ಲ.

ತೀರ್ಥಹಳ್ಳಿ ಬಿಟ್ಟಿಲ್ಲ ನಾನು. ನವೆಂಬರ್‌ನಲ್ಲಿ ಹದಿನೈದು ದಿನಕ್ಕೆ ಅದೇ ಮನೆ ಹೇಳಿಟ್ಟಿದೀನಿ. ಇವಳು ಬರಲ್ವಂತೆ, ಅವರೆಕಾಯಿ ಕೀಳೋ ಟೈಮಂತೆ, ಬರ್ತಾ ಒಂದು ಜಾಡಿ ಮಿಡಿ ಉಪ್ಪಿನಕಾಯಿ ಮಾತ್ರ ತನ್ನಿ ಅಂದಿದಾಳೆ.