ಮಾರ್ಸ್ ಟ್ರೆಕ್: ಮುಂದಿನ ರೋವರ್ ಎಲ್ಲಿ ಇಳಿಸ್ಬೇಕು, ನೀವೇ ನೋಡಿ

ಮಂಗಳ ಗ್ರಹದ ಹುಚ್ಚು ಇರೋರು ನಾಸಾದ ಮಾರ್ಸ್ ಟ್ರೆಕ್ ಅನ್ನೋ ಮಂಗಳದ ಮ್ಯಾಪ್ ವೆಬ್‌ಸೈಟ್ ಒಂದ್ಸಲ ತೆಗೆದು ನೋಡ್ಲೇಬೇಕು, ಪೂರ್ತಿ ಫ್ರೀ, ಬ್ರೌಸರ್‌ನಲ್ಲೇ ಓಡುತ್ತೆ. ನಂಗೆ ತುಂಬಾ ಹಿಡಿಸಿದ್ದು ಎತ್ತರ ಅಳೆಯೋ ಟೂಲ್. ನಾಸಾದ ಪರ್ಸಿವಿಯರೆನ್ಸ್ ರೋವರ್ (ಮಂಗಳದ ನೆಲದ ಮೇಲೆ ಓಡಾಡೋ ಗಾಡಿ) 2021ರಲ್ಲಿ ಇಳಿದ ಜೆಜೆರೋ ಕುಳಿ ಇದ್ಯಲ್ಲ, ಸುಮಾರು 45 ಕಿ.ಮೀ. ಅಗಲ, ಅಲ್ಲಿನ ಹಳೇ ನದಿ ಡೆಲ್ಟಾದಿಂದ ಕುಳಿಯ ಅಂಚಿನವರೆಗೆ ಒಂದು ಗೆರೆ ಎಳೆದ್ರೆ ಏರು ಎಲ್ಲಿ ಇಳಿಜಾರು ಎಲ್ಲಿ ಅಂತ ಗ್ರಾಫೇ ಬಂದ್ಬಿಡುತ್ತೆ, ರೋವರ್‌ಗೆ ಜಾಗ ಹುಡುಕೋರು ತಲೆ ಕೆಡಿಸ್ಕೊಳ್ಳೋದೂ ಇದಕ್ಕೇ, ಯಾಕಂದ್ರೆ ತಗ್ಗು ಜಾಗ ಆದ್ರೆ ಪ್ಯಾರಾಚೂಟ್‌ಗೆ ಗಾಳಿ ಜಾಸ್ತಿ ಸಿಗುತ್ತೆ, ಆದ್ರೆ ವಿಜ್ಞಾನಿಗಳಿಗೆ ಬೇಕಾದ ಬಂಡೆಗಳು ಎಷ್ಟೋ ಸಲ ಕಡಿದಾದ ಕಡೆನೇ ಇರ್ತವೆ. ಬೇಕಾದ ಜಾಗದ 3ಡಿ ಪ್ರಿಂಟ್ ಫೈಲೂ ಇಳಿಸ್ಕೋಬಹುದು, ಸ್ಕೂಲ್ ಟೀಚರ್‌ಗಳು ಗಮನಿಸಿ. ಮೊಬೈಲ್ ಬೇಡ, ದೊಡ್ಡ ಸ್ಕ್ರೀನಲ್ಲೇ ನೋಡಿ. 5ಕ್ಕೆ 4.5 ಕೊಡ್ತೀನಿ.